ಪೆಡ್ಲರ್ಸ್ ವಿಲೇಜ್‌ನಲ್ಲಿ ಒಂದು ರಾತ್ರಿ: ಒಳಗೆ ತಂಗುವುದೋ, ಹೊರಗೋ?

ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಗೆ ಸೇರಿದ ಲಹಾಸ್ಕಾ ಎಂಬ ಪುಟ್ಟ ಊರಿನ ಪೆಡ್ಲರ್ಸ್ ವಿಲೇಜ್, ನ್ಯೂಜೆರ್ಸಿ ಮತ್ತು ಫಿಲಡೆಲ್ಫಿಯಾ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಅಪರಿಚಿತವಾದ ಹೆಸರೇನಲ್ಲ. ಎಡಿಸನ್ ಕಡೆಯಿಂದ ಹೊರಟರೆ ಕಾರಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರಾ ಎಲ್ಲವನ್ನೂ ತೋರಿಸಿ ಮುಗಿದ ಮೇಲೆ, ಹೆಚ್ಚು ಓಡಾಟವಿಲ್ಲದ ಜಾಗ ಎಲ್ಲಿದೆ ಎಂದು ಯೋಚಿಸುವಾಗ ಮೊದಲು ಹೊಳೆಯುವ ಸ್ಥಳಗಳಲ್ಲಿ ಇದೂ ಒಂದು. ಬಹುಪಾಲು ಜನ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುತ್ತಾರೆ. ಒಂದು ರಾತ್ರಿ ಉಳಿದು ಬರೋಣ ಎನ್ನುವವರ ಮುಂದೆ ಐದು ದಾರಿಗಳಿವೆ: ವಿಲೇಜಿನ ಒಳಗೇ ಇರುವ ಗೋಲ್ಡನ್ ಪ್ಲೌ ಇನ್ ಎಂಬ ಸಣ್ಣ ಹೋಟೆಲು, ಕೆಲವೇ ಮೈಲಿ ಪೂರ್ವಕ್ಕೆ ಡೆಲವೇರ್ ನದಿಯ ಎರಡು ದಡಗಳಲ್ಲಿರುವ ನ್ಯೂ ಹೋಪ್ ಮತ್ತು ಲ್ಯಾಂಬರ್ಟ್‌ವಿಲ್ ಪಟ್ಟಣಗಳ ಇನ್‌ಗಳು, ಪಶ್ಚಿಮಕ್ಕಿರುವ ಡಾಯ್ಲ್ಸ್‌ಟೌನ್, ಹೆದ್ದಾರಿ ಬದಿಯ ಚೈನ್ ಹೋಟೆಲುಗಳು, ಮತ್ತು ಬಾಡಿಗೆಗೆ ಸಿಗುವ ಇಡೀ ಮನೆ. ಇವುಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂಬುದು ಹಣದ ಲೆಕ್ಕದಿಂದ ಮಾತ್ರ ತೀರ್ಮಾನವಾಗುವ ವಿಷಯವಲ್ಲ.

ಮೊದಲು ಜಾಗದ ಸ್ವರೂಪವನ್ನು ತಿಳಿದುಕೊಳ್ಳಬೇಕು. ಪೆಡ್ಲರ್ಸ್ ವಿಲೇಜ್ ಹಳೆಯ ಊರಲ್ಲ, ಹಳೆಯ ಊರಿನಂತೆ ಕಾಣಲಿ ಎಂದು ಕಟ್ಟಿದ ಅಂಗಡಿಗಳ ಕೇರಿ. ಅರ್ಲ್ ಜೇಮಿಸನ್ ಎಂಬ ಉದ್ಯಮಿ ಕ್ಯಾಲಿಫೋರ್ನಿಯಾದ ಕಾರ್ಮೆಲ್ ಪಟ್ಟಣದ ಸೊಬಗಿಗೆ ಮನಸೋತು, ಲಹಾಸ್ಕಾದಲ್ಲಿ ಕೋಳಿ ಸಾಕುತ್ತಿದ್ದ ಒಂದು ಫಾರ್ಮನ್ನು ಕೊಂಡು, 1962ರಲ್ಲಿ ಹತ್ತಾರು ಅಂಗಡಿಗಳು ಮತ್ತು ಕಾಕ್ ಎನ್ ಬುಲ್ ಎಂಬ ರೆಸ್ಟೋರೆಂಟಿನೊಂದಿಗೆ ಇದನ್ನು ತೆರೆದರು. ಈಗ ಅದು 42 ಎಕರೆಗೆ ಹಬ್ಬಿದೆ, ಅಂಗಡಿಗಳ ಸಂಖ್ಯೆ ಅರವತ್ತರ ಆಚೀಚೆ ಇದೆ. ಹದಿನೆಂಟನೆಯ ಶತಮಾನದ ವಸಾಹತು ಕಾಲದ ಮನೆಗಳನ್ನು ನೆನಪಿಸುವ ಇಳಿಜಾರು ಮಾಡುಗಳು, ಮರದ ಹಲಗೆಯ ಗೋಡೆಗಳು, ಇಟ್ಟಿಗೆ ಹಾಸಿದ ಅಂಕುಡೊಂಕಿನ ಕಾಲುದಾರಿಗಳು, ಋತುವಿಗೊಮ್ಮೆ ಬದಲಾಗುವ ಹೂಪಾತಿಗಳು, ನಡುವೆ ಒಂದು ಗಝೀಬೋ ಮಂಟಪ. ಕಾರು ನಿಲ್ಲಿಸುವ ಜಾಗವೆಲ್ಲ ಅಂಚಿನಲ್ಲಿದೆ, ಅಂಗಡಿಗಳ ನಡುವೆ ವಾಹನ ಸಂಚಾರವಿಲ್ಲ. ಮಕ್ಕಳ ಕೈ ಬಿಟ್ಟು ನಿರಾಳವಾಗಿ ನಡೆಯಬಹುದಾದ ಇಂಥ ಜಾಗ ಅಮೆರಿಕದ ಉಪನಗರಗಳಲ್ಲಿ ಅಪರೂಪ ಎಂಬುದನ್ನು ಇಲ್ಲಿ ಮಕ್ಕಳನ್ನು ಸಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಳಗೆ ಹೋಗಲು ಶುಲ್ಕವಿಲ್ಲ, ಪಾರ್ಕಿಂಗಿಗೂ ಹಣವಿಲ್ಲ. ಹಗಲು ಬಂದು ಹೋಗುವವರಿಗೂ ಇನ್ನಿನಲ್ಲಿ ತಂಗುವವರಿಗೂ ಅದೇ ಅಂಗಡಿಗಳು, ಅದೇ ಬೆಂಚುಗಳು, ಅದೇ ಐಸ್‌ಕ್ರೀಮ್ ಸಾಲು. ಹೀಗಿರುವಾಗ ಒಳಗಿನ ಕೋಣೆಗೆಂದು ಕೊಡುವ ಹೆಚ್ಚಿನ ಹಣಕ್ಕೆ ಪ್ರತಿಯಾಗಿ ಸಿಗುವುದೇನು ಎಂದು ಕೇಳಿಕೊಳ್ಳುವುದು ನ್ಯಾಯವೇ ಆಗಿದೆ. ನನ್ನ ಅಭಿಪ್ರಾಯದಲ್ಲಿ ಸಿಗುವುದು ಎರಡೇ ವಸ್ತು. ಒಂದು, ಅಂಗಡಿಗಳು ತೆರೆಯುವುದಕ್ಕೆ ಮುಂಚಿನ ಮತ್ತು ಮುಚ್ಚಿದ ನಂತರದ ಹೊತ್ತು. ಇನ್ನೊಂದು, ನಡುಮಧ್ಯಾಹ್ನ ಬೆನ್ನು ಚಾಚಲು ಎರಡು ನಿಮಿಷದ ನಡಿಗೆಯಲ್ಲಿ ಸಿಗುವ ಹಾಸಿಗೆ. ಇವೆರಡೂ ಬೇಕಾದವರಿಗೆ ಗೋಲ್ಡನ್ ಪ್ಲೌ ಇನ್ ದುಬಾರಿಯಲ್ಲ. ಬೇಡದವರಿಗೆ ಅದು ಎಷ್ಟು ರಿಯಾಯಿತಿಯಲ್ಲಿ ಸಿಕ್ಕರೂ ದುಬಾರಿಯೇ.

ಒಳಗೆ ತಂಗುವುದು

ಅಂಗಡಿಗಳು ಸಾಮಾನ್ಯವಾಗಿ ಬೆಳಿಗ್ಗೆ ಹತ್ತರ ಹೊತ್ತಿಗೆ ತೆರೆದು ಸಂಜೆಗೆ ಮುಚ್ಚುತ್ತವೆ, ವಾರಾಂತ್ಯ ಮತ್ತು ರಜಾದಿನಗಳಲ್ಲಿ ಇನ್ನಷ್ಟು ಹೊತ್ತು ತೆರೆದಿರುತ್ತವೆ. ಬೆಳಿಗ್ಗೆ ಏಳರ ಸುಮಾರಿಗೆ ಕೋಣೆಯಿಂದ ಹೊರಬಂದರೆ ಕಾಲುದಾರಿಗಳು ಖಾಲಿ. ಹೂಗಿಡಗಳಿಗೆ ನೀರುಣಿಸುವ ಒಬ್ಬಿಬ್ಬರು ಕೆಲಸಗಾರರು, ಹಿಂಬದಿಯಲ್ಲಿ ಸಾಮಾನು ಇಳಿಸುತ್ತಿರುವ ಒಂದು ಟ್ರಕ್ಕು, ಒದ್ದೆ ಇಟ್ಟಿಗೆಯ ಮೇಲೆ ಬಿದ್ದ ಎಲೆಗಳು, ಇನ್ನೂ ದೀಪ ಆರಿಸದ ಅಂಗಡಿಯ ಗಾಜಿನೊಳಗೆ ಸಾಲಾಗಿ ಜೋಡಿಸಿದ ಮೇಣದಬತ್ತಿಗಳು. ಊರಿನಲ್ಲಿ ಬೆಳಗಿನ ವಾಕಿಂಗ್ ರೂಢಿಯಿರುವ ಹಿರಿಯರು ಈ ಒಂದು ಗಂಟೆಯನ್ನು ಇಷ್ಟಪಡುವಷ್ಟು ಹಗಲಿನ ಅಂಗಡಿಗಳನ್ನು ಇಷ್ಟಪಡುವುದಿಲ್ಲ. ಹಗಲು ಅವರ ಪಾಲಿಗೆ ಬೆಲೆ ಚೀಟಿ ತಿರುಗಿಸಿ ನೋಡಿ, ಡಾಲರನ್ನು ರೂಪಾಯಿಗೆ ಗುಣಿಸಿ, ವಸ್ತುವನ್ನು ಮರಳಿ ಇಡುವ ಹೊತ್ತು. ಬೆಳಿಗ್ಗೆ ಆ ಕಷ್ಟವಿಲ್ಲ.

ಇನ್ನು ಕೋಣೆಗಳ ವಿಷಯ. ಗೋಲ್ಡನ್ ಪ್ಲೌ ಇನ್ ಒಂದೇ ಕಟ್ಟಡದ ಹೋಟೆಲಲ್ಲ. ಮುಖ್ಯ ಕಟ್ಟಡವೊಂದಿದ್ದು, ಉಳಿದ ಕೋಣೆಗಳು ವಿಲೇಜಿನ ಬೇರೆ ಬೇರೆ ಕಟ್ಟಡಗಳಲ್ಲಿ, ಕೆಲವು ಅಂಗಡಿಗಳ ಮೇಲಂತಸ್ತಿನಲ್ಲಿ ಹರಡಿಕೊಂಡಿವೆ. ಎಲ್ಲ ಸೇರಿದರೂ ನೂರು ಕೋಣೆಗಳಿಲ್ಲ. ಒಂದರಂತೆ ಇನ್ನೊಂದಿಲ್ಲ. ಕೆಲವಕ್ಕೆ ಗ್ಯಾಸ್ ಬೆಂಕಿಗೂಡು, ಕೆಲವಕ್ಕೆ ಜಕೂಝಿ ತೊಟ್ಟಿ, ಕೆಲವಕ್ಕೆ ಎರಡೂ. ಹಳ್ಳಿಗಾಡಿನ ಮನೆಯ ಮರದ ಪೀಠೋಪಕರಣ, ದಪ್ಪ ಹೊದಿಕೆ, ಸಣ್ಣ ಕಿಟಕಿಗಳ ಅಲಂಕಾರ ಇಷ್ಟವಾಗುವವರಿಗೆ ಇದು ಹಿತವೆನಿಸುತ್ತದೆ. ಎಲ್ಲವೂ ಬಿಳಿಯಾಗಿ ನುಣುಪಾಗಿ ಹೊಸದಾಗಿರಬೇಕು ಎನ್ನುವವರಿಗೆ ಹಳತೆನಿಸುತ್ತದೆ. ಆದ್ದರಿಂದ ಜಾಲತಾಣದಲ್ಲಿ ಕಂಡ ಒಂದು ಚಿತ್ರವನ್ನು ನಂಬಿ ಕಾಯ್ದಿರಿಸುವುದಕ್ಕಿಂತ ಫೋನ್ ಮಾಡಿ ಕೇಳುವುದು ಉತ್ತಮ. ಕೋಣೆ ಯಾವ ಕಟ್ಟಡದಲ್ಲಿದೆ, ಎಷ್ಟನೆಯ ಮಹಡಿ, ಮೆಟ್ಟಿಲು ಹತ್ತದೆ ತಲುಪಬಹುದೇ, ಕಾರು ನಿಲ್ಲಿಸಿದ ಜಾಗದಿಂದ ಸೂಟ್‌ಕೇಸ್ ಎಷ್ಟು ದೂರ ಎಳೆಯಬೇಕು, ಕಿಟಕಿ ಒಳಗಿನ ತೋಟಕ್ಕೆ ತೆರೆಯುತ್ತದೆಯೋ ಹೆದ್ದಾರಿಗೋ: ಈ ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲೇ ಆ ರಾತ್ರಿಯ ನೆಮ್ಮದಿಯ ಬಹುಪಾಲು ಅಡಗಿದೆ. ವಿಲೇಜಿನ ಅಂಚಿನಲ್ಲಿ 202 ಮತ್ತು 263ನೇ ಸಂಖ್ಯೆಯ ರಸ್ತೆಗಳು ಹಾದುಹೋಗುವುದರಿಂದ ಕೊನೆಯ ಪ್ರಶ್ನೆಯನ್ನು ನಾಚಿಕೆಪಟ್ಟು ಬಿಡಬಾರದು.

ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರು ಇನ್ನೂ ಒಂದನ್ನು ಗಮನಿಸಬೇಕು. ಇಟ್ಟಿಗೆಯ ಹಾಸು ನೋಡಲು ಚೆಂದವಾದರೂ ಎಲ್ಲೆಡೆ ಒಂದೇ ಮಟ್ಟದಲ್ಲಿಲ್ಲ. ಅಲ್ಲಲ್ಲಿ ಏರಿಳಿತವಿದೆ, ಮಳೆ ಬಂದರೆ ಜಾರುತ್ತದೆ, ಸೀರೆಯುಟ್ಟು ನಯವಾದ ಚಪ್ಪಲಿ ಹಾಕಿಕೊಂಡವರು ನೆಲ ನೋಡುತ್ತಲೇ ನಡೆಯಬೇಕಾಗುತ್ತದೆ. ಆದರೆ ಒಳಗಿನ ಕೋಣೆ ನಿಜವಾಗಿ ಉಪಯೋಗಕ್ಕೆ ಬರುವುದೂ ಇಂಥ ಹಿರಿಯರಿಗೇ. ಹನ್ನೆರಡೂವರೆಗೆ ಊಟ ಮುಗಿಸಿ, ಅವರನ್ನು ಕೋಣೆಯಲ್ಲಿ ಮಲಗಿಸಿ, ಮಕ್ಕಳನ್ನು ಗಿಗಲ್‌ಬೆರಿ ಫೇರ್ ಎಂಬ ಆಟದ ಒಳಾಂಗಣಕ್ಕೆ ಕರೆದೊಯ್ದು, ನಾಲ್ಕು ಗಂಟೆಗೆ ಎಲ್ಲರೂ ಮತ್ತೆ ಸೇರುವ ವ್ಯವಸ್ಥೆ ಹೊರಗಿನ ಯಾವ ಹೋಟೆಲಿನಿಂದಲೂ ಇಷ್ಟು ಸಲೀಸಾಗಿ ಆಗುವುದಿಲ್ಲ. ಆ ಒಳಾಂಗಣದಲ್ಲಿರುವ ತಿರುಗುವ ಕುದುರೆಗಳ ಕ್ಯಾರೊಸೆಲ್ ಅನ್ನು ಫಿಲಡೆಲ್ಫಿಯಾ ಟೊಬಾಗನ್ ಕಂಪನಿ 1922ರಲ್ಲಿ ತಯಾರಿಸಿದ್ದು. ಹಳತರಂತೆ ಕಾಣಲು ಕಟ್ಟಿದ ಈ ಕೇರಿಯಲ್ಲಿ ನಿಜಕ್ಕೂ ಹಳತಾದ ವಸ್ತುಗಳಲ್ಲಿ ಅದು ಒಂದು. ಒಂದು ಸುತ್ತಿಗಾದರೂ ಅಜ್ಜನನ್ನೂ ಹತ್ತಿಸಬೇಕು.

ಇನ್ನೊಂದು ಎಚ್ಚರಿಕೆ ನಮ್ಮವರಿಗೆ ಮಾತ್ರ ಹೇಳಬೇಕಾದದ್ದು. ಮರವೇ ಹೆಚ್ಚಾಗಿರುವ ಇಂಥ ಹೋಟೆಲುಗಳಲ್ಲಿ ಬೆಳಗಿನ ಪೂಜೆಗೆಂದು ಊದಿನಕಡ್ಡಿ ಹಚ್ಚುವುದು ತರವಲ್ಲ. ಹೊಗೆಯ ಅಲಾರಂ ಕೂಗಿಕೊಳ್ಳುವುದು ಒಂದು ಮುಜುಗರವಾದರೆ, ಕೋಣೆಯಲ್ಲಿ ಹೊಗೆಯ ವಾಸನೆ ಉಳಿಯಿತೆಂದು ಅಮೆರಿಕದ ಹೋಟೆಲುಗಳು ಹಾಕುವ ಶುಚಿಗೊಳಿಸುವ ದಂಡ ಇನ್ನೊಂದು. ಅಮ್ಮನಿಗೆ ಮೊದಲೇ ಹೇಳಿಬಿಡಬೇಕು.

ಯಾವಾಗ ಹೋಗುವುದೆಂಬುದೇ ಅರ್ಧ ತೀರ್ಮಾನ

ಒಳಗೆ ತಂಗುವುದರ ಲಾಭ ನಷ್ಟ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ವಸಂತದಲ್ಲಿ ಸ್ಟ್ರಾಬೆರಿ ಹಬ್ಬ, ಬೇಸಿಗೆಯಲ್ಲಿ ಬ್ಲೂಬೆರಿ ಮತ್ತು ಬ್ಲೂಗ್ರಾಸ್ ಸಂಗೀತ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಜನರೇ ಕೈಯಾರೆ ಮಾಡಿ ನಿಲ್ಲಿಸಿದ ಬೆದರುಬೊಂಬೆಗಳ ಸಾಲು, ನವೆಂಬರ್ ಆರಂಭದಲ್ಲಿ ಸೇಬಿನ ಹಬ್ಬ, ಅದೇ ತಿಂಗಳ ನಡುವಿನಿಂದ ಇಡೀ ವಿಲೇಜಿಗೆ ದೀಪಾಲಂಕಾರ, ಜೊತೆಗೆ ಜಿಂಜರ್‌ಬ್ರೆಡ್‌ನಿಂದ ಕಟ್ಟಿದ ಮನೆಗಳ ಪ್ರದರ್ಶನ. ಸೇಬಿನ ಹಬ್ಬದ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದವರು ಪಾರ್ಕಿಂಗ್ ಹುಡುಕುತ್ತಲೇ ಸುಸ್ತಾಗುವುದುಂಟು. ಹಿಂದಿನ ದಿನವೇ ಬಂದು ಒಳಗೆ ತಂಗಿದವರಿಗೆ ಆ ತಾಪತ್ರಯ ಇಲ್ಲ. ದೀಪಗಳ ಕಾಲದಲ್ಲಂತೂ ಒಳಗಿನ ಕೋಣೆಗೆ ಅತಿ ಹೆಚ್ಚು ಅರ್ಥ ಬರುತ್ತದೆ. ಸಂಜೆ ಐದಕ್ಕೇ ಕತ್ತಲಾಗುವ ಆ ದಿನಗಳಲ್ಲಿ ಒಂದು ಗಂಟೆ ಚಳಿಯಲ್ಲಿ ಓಡಾಡಿ, ಕಿವಿ ಮರಗಟ್ಟಿದಾಗ ಒಳಗೆ ಬಂದು ಬೆಚ್ಚಗಾಗಿ, ರಾತ್ರಿ ಜನ ಕರಗಿದ ಮೇಲೆ ಮತ್ತೆ ಹೊರಗೆ ಹೋಗಬಹುದು. ಹಗಲು ಬಂದವರಿಗೆ ಬೆಚ್ಚಗಾಗಲು ಕಾರು ಒಂದೇ ಗತಿ. ಸಹಜವಾಗಿಯೇ ದರ ಏರುವುದೂ, ಕೋಣೆ ತಿಂಗಳುಗಟ್ಟಲೆ ಮುಂಚೆ ಭರ್ತಿಯಾಗುವುದೂ ಆಗಲೇ.

ಜನವರಿ, ಫೆಬ್ರವರಿಯ ವಾರದ ನಡುವಿನ ದಿನಗಳು ಇದಕ್ಕೆ ತದ್ವಿರುದ್ಧ. ದರ ಇಳಿದಿರುತ್ತದೆ, ಬೆಂಕಿಗೂಡಿನ ಕೋಣೆಯೂ ಕೇಳಿದ ಕೂಡಲೇ ಸಿಗಬಹುದು. ಆದರೆ ಹೂಪಾತಿಗಳಲ್ಲಿ ಹೂವಿಲ್ಲ, ಐದಾರು ಗಂಟೆಗೆ ಅಂಗಡಿಗಳು ಮುಚ್ಚಿದರೆ ಮುಂದೆ ಮಾಡಲು ಏನೂ ಇರುವುದಿಲ್ಲ. ಮಕ್ಕಳನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು ಬರುವ ದಂಪತಿಗಳಿಗೆ ಆ ಏನೂ ಇಲ್ಲದಿರುವಿಕೆಯೇ ಬೇಕಾಗಿರುತ್ತದೆ. ಹನ್ನೆರಡು ವರ್ಷದ ಮಗನನ್ನು ಕರೆತಂದವರಿಗೆ ಅದು ಬಹಳ ಉದ್ದದ ಸಂಜೆ.

ನದಿಯ ದಡದಲ್ಲಿ ತಂಗುವುದು

ಕಟ್ಟಿದ ಹಳೆಯತನಕ್ಕಿಂತ ನಿಜವಾದ ಹಳೆಯತನ ಬೇಕು ಎನ್ನುವವರು ನ್ಯೂ ಹೋಪ್‌ಗೆ ಹೋಗಬೇಕು. ಅಲ್ಲಿನ ಲೋಗನ್ ಇನ್ 1720ರ ದಶಕದಿಂದ, ನದಿ ದಾಟಲು ದೋಣಿಗೆ ಕಾಯುವವರ ತಂಗುದಾಣವಾಗಿದ್ದ ಕಾಲದಿಂದ ನಡೆದುಬಂದದ್ದು. ಇತ್ತೀಚಿನ ವರ್ಷಗಳಲ್ಲಿ ಅದನ್ನು ವಿಸ್ತರಿಸಿ ನವೀಕರಿಸಲಾಗಿದೆ. ಹತ್ತಿರದಲ್ಲೇ ಇರುವ ಬಕ್ಸ್ ಕೌಂಟಿ ಪ್ಲೇಹೌಸ್, ಹಳೆಯ ಹಿಟ್ಟಿನ ಗಿರಣಿಯನ್ನು ರಂಗಮಂದಿರವಾಗಿಸಿ 1939ರಲ್ಲಿ ಆರಂಭಿಸಿದ್ದು, ಇಂದಿಗೂ ನಾಟಕಗಳನ್ನು ಆಡಿಸುತ್ತಿದೆ. ರಾತ್ರಿ ಎಂಟಕ್ಕೆ ನಾಟಕ ನೋಡಿ, ಹತ್ತೂವರೆಗೆ ನಡೆದೇ ಕೋಣೆ ಸೇರಬೇಕೆಂದರೆ ಪೆಡ್ಲರ್ಸ್ ವಿಲೇಜ್ ಸರಿಯಾದ ಜಾಗವಲ್ಲ, ನ್ಯೂ ಹೋಪ್ ಸರಿ. ಹಳೆಯ ಉಗಿಬಂಡಿಯ ವಿಹಾರಕ್ಕೂ ನಿಲ್ದಾಣ ಇಲ್ಲೇ ಇದೆ. ರೈಲೆಂದರೆ ಕಣ್ಣರಳಿಸುವ ಮಕ್ಕಳಿರುವವರು ಅಂಗಡಿಗಳನ್ನು ಮರೆತು ಈ ಕಡೆಗೇ ವಾಲಿದರೆ ತಪ್ಪಿಲ್ಲ.

ಊರಿನ ಅತ್ಯುತ್ತಮ ಅನುಭವಕ್ಕೆ ಟಿಕೆಟ್ಟಿಲ್ಲ. ನ್ಯೂ ಹೋಪ್‌ನಿಂದ ಲ್ಯಾಂಬರ್ಟ್‌ವಿಲ್‌ಗೆ 1904ರಲ್ಲಿ ಕಟ್ಟಿದ ಉಕ್ಕಿನ ಸೇತುವೆಯಿದೆ. ಅದರ ಪಕ್ಕದ ಕಾಲುದಾರಿಯಲ್ಲಿ ನಡೆದು ಹತ್ತು ನಿಮಿಷದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಬಹುದು. ಲ್ಯಾಂಬರ್ಟ್‌ವಿಲ್ ಶಾಂತವಾದ ಊರು. ಹಳೆಯ ವಸ್ತುಗಳ ಅಂಗಡಿಗಳು, ಗ್ಯಾಲರಿಗಳು, ನದಿಗೆ ಮುಖ ಮಾಡಿದ ಲ್ಯಾಂಬರ್ಟ್‌ವಿಲ್ ಸ್ಟೇಷನ್ನಿನ ಇನ್ ಇಲ್ಲಿವೆ. ಎರಡು ಊರುಗಳ ಸ್ವಭಾವವೇ ಬೇರೆ ಎಂಬುದನ್ನು ಗಮನದಲ್ಲಿಡಬೇಕು. ಬೇಸಿಗೆಯ ಶನಿವಾರ ರಾತ್ರಿ ನ್ಯೂ ಹೋಪ್‌ನ ಮುಖ್ಯ ಬೀದಿಯಲ್ಲಿ ಬಾರುಗಳ ಸಂಗೀತ, ಸಾಲುಸಾಲಾಗಿ ಬರುವ ಮೋಟಾರ್ ಸೈಕಲ್‌ಗಳ ಅಬ್ಬರ, ನಡುರಾತ್ರಿಯವರೆಗೆ ಜನಸಂದಣಿ. ಅದು ಕೆಲವರಿಗೆ ಸಂಭ್ರಮ, ಒಂಬತ್ತಕ್ಕೆ ಮಲಗುವ ಹಿರಿಯರಿಗೆ ಶಿಕ್ಷೆ. ಅಂಥವರಿದ್ದರೆ ಸೇತುವೆಯಾಚೆಯ ಲ್ಯಾಂಬರ್ಟ್‌ವಿಲ್ ಲೇಸು. ನದಿಯಂಚಿನ ಎರಡೂ ಊರುಗಳಲ್ಲಿ ಬೀದಿ ಪಾರ್ಕಿಂಗಿಗೆ ಹಣ ಕಟ್ಟಬೇಕು, ಜಾಗವೂ ಕಡಿಮೆ. ಇನ್ನಿನವರು ಕಾರಿಗೆ ಜಾಗ ಕೊಡುತ್ತಾರೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ತೆರಿಗೆಯ ಲೆಕ್ಕವೂ ಬರುತ್ತದೆ. ನದಿಯ ಪೆನ್ಸಿಲ್ವೇನಿಯಾ ದಡದಲ್ಲಿ ಹೋಟೆಲು ಕೋಣೆಗೆ ರಾಜ್ಯದ 6% ತೆರಿಗೆ, ಅದರ ಮೇಲೆ ಕೌಂಟಿಯದು. ನ್ಯೂಜೆರ್ಸಿ ದಡದಲ್ಲಿ 6.625% ಮಾರಾಟ ತೆರಿಗೆ, ರಾಜ್ಯದ 5% ವಾಸ್ತವ್ಯ ಶುಲ್ಕ, ಊರಾಡಳಿತ ವಿಧಿಸಿದ್ದರೆ ಅದರದ್ದೂ ಸೇರುತ್ತದೆ. ಜಾಲತಾಣದ ಮೊದಲ ಪುಟದಲ್ಲಿ ಕಾಣುವ ದರವನ್ನಷ್ಟೇ ಹೋಲಿಸದೆ, ಎಲ್ಲ ಸೇರಿದ ಕೊನೆಯ ಮೊತ್ತವನ್ನು ಎದುರುಬದುರು ಇಟ್ಟು ನೋಡಬೇಕು. ಬಟ್ಟೆಬರೆಗೆ ಎರಡೂ ರಾಜ್ಯಗಳಲ್ಲಿ ಮಾರಾಟ ತೆರಿಗೆ ಇಲ್ಲವಾದ್ದರಿಂದ ಪೆನ್ಸಿಲ್ವೇನಿಯಾಕ್ಕೆ ಹೋದರೆ ಸ್ವೆಟರ್ ಅಗ್ಗ ಎಂದು ನ್ಯೂಜೆರ್ಸಿಯವರು ಭಾವಿಸಬೇಕಾಗಿಲ್ಲ. ನ್ಯೂಯಾರ್ಕ್ ನಗರದಿಂದ ಬಂದವರಿಗೆ ದುಬಾರಿ ಕೋಟುಗಳಲ್ಲಿ ಸ್ವಲ್ಪ ಉಳಿಯಬಹುದು.

ಡಾಯ್ಲ್ಸ್‌ಟೌನ್, ಹೆದ್ದಾರಿ, ಬಾಡಿಗೆ ಮನೆ

ಅಂಗಡಿಗಳು ಎರಡನೆಯ ಆಸಕ್ತಿಯಾಗಿ, ನೋಡುವುದು ಕಲಿಯುವುದು ಮೊದಲನೆಯದಾಗಿದ್ದರೆ ಡಾಯ್ಲ್ಸ್‌ಟೌನ್ ಉತ್ತಮ. ಹೆನ್ರಿ ಚಾಪ್‌ಮನ್ ಮರ್ಸರ್ ಎಂಬ ವಿಚಿತ್ರ ಪ್ರತಿಭೆಯ ಮನುಷ್ಯ 1908ರಿಂದ 1912ರ ನಡುವೆ ಕಾಂಕ್ರೀಟಿನಲ್ಲೇ ಕಟ್ಟಿಸಿದ ಫಾಂಟ್‌ಹಿಲ್ ಎಂಬ ಕೋಟೆಯಂಥ ಮನೆ, ಯಂತ್ರಗಳು ಬರುವ ಮುಂಚಿನ ಕೈಕಸುಬುಗಳ ಉಪಕರಣಗಳನ್ನೆಲ್ಲ ಗೋಡೆ, ಸೂರುಗಳಿಂದ ತೂಗುಹಾಕಿರುವ ಮರ್ಸರ್ ಮ್ಯೂಸಿಯಂ, ಹಳೆಯ ಜೈಲಿನ ಜಾಗದಲ್ಲಿ 1988ರಲ್ಲಿ ತೆರೆದ ಮಿಚೆನರ್ ಕಲಾ ಸಂಗ್ರಹಾಲಯ, ಎಲ್ಲವೂ ಇಲ್ಲಿವೆ. ನೇಗಿಲು, ಮಗ್ಗ, ಕುಂಬಾರಿಕೆಯ ಪರಿಚಯವಿರುವ ನಮ್ಮ ಹಳ್ಳಿಗಳ ಹಿರಿಯರು ಮರ್ಸರ್ ಮ್ಯೂಸಿಯಂನಲ್ಲಿ ಮೊಮ್ಮಕ್ಕಳಿಗೆ ತಾವೇ ಗೈಡುಗಳಾಗಿಬಿಡುತ್ತಾರೆ. ಫಾಂಟ್‌ಹಿಲ್ ಒಳಗೆ ಮಾತ್ರ ಕಡಿದಾದ, ಇಕ್ಕಟ್ಟಾದ ಮೆಟ್ಟಿಲುಗಳು ಎಷ್ಟೋ ಇವೆ, ಮಂಡಿ ಸರಿಯಿಲ್ಲದವರನ್ನು ಒತ್ತಾಯಿಸಬಾರದು. ಫಿಲಡೆಲ್ಫಿಯಾದಿಂದ ಸೆಪ್ಟಾ ರೈಲು ಈ ಊರಿನವರೆಗೆ ಬರುತ್ತದೆ. ಕಾರಿಲ್ಲದ ವಿದ್ಯಾರ್ಥಿಗಳಿಗೆ ಇಡೀ ಪ್ರದೇಶದಲ್ಲಿ ಅತ್ಯಂತ ಸುಲಭವಾಗಿ ತಲುಪಬಹುದಾದ ತಾಣ ಇದೇ. ಇಲ್ಲಿ ತಂಗಿ, ಅರ್ಧ ದಿನ ಪೆಡ್ಲರ್ಸ್ ವಿಲೇಜಿಗೆ ಹೋಗಿ ಬರಲು ಕಾರಿನಲ್ಲಿ ಕಾಲು ಗಂಟೆ ಸಾಕು.

ಹೆದ್ದಾರಿ ಬದಿಯ ಚೈನ್ ಹೋಟೆಲುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅವುಗಳಲ್ಲಿ ಅಚ್ಚರಿಯೂ ಇಲ್ಲ, ಆಘಾತವೂ ಇಲ್ಲ. ದರ ಕಡಿಮೆ, ಲಿಫ್ಟ್ ಇರುತ್ತದೆ, ಎರಡು ದೊಡ್ಡ ಹಾಸಿಗೆಯ ಕೋಣೆಯಲ್ಲಿ ನಾಲ್ವರು ಮಲಗಬಹುದು, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತದೆ, ಸಣ್ಣ ಫ್ರಿಜ್ ಮತ್ತು ಮೈಕ್ರೋವೇವ್ ಸಾಮಾನ್ಯವಾಗಿ ಕೋಣೆಯಲ್ಲೇ ಇರುತ್ತವೆ. ಈ ಕೊನೆಯ ಎರಡನ್ನು ಕೀಳಾಗಿ ಎಣಿಸಬಾರದು. ಮನೆಯಿಂದ ತಂದ ಮೊಸರನ್ನ ಕೆಡದಂತೆ ಇಡಲು, ರಾತ್ರಿ ಒಂಬತ್ತಕ್ಕೆ ಪುಳಿಯೋಗರೆ ಬಿಸಿ ಮಾಡಲು, ಚಿಕ್ಕ ಮಗುವಿನ ಹಾಲು ಕಾಯಿಸಲು ಆಗುವುದೇ ಎಷ್ಟೋ ಕುಟುಂಬಗಳಿಗೆ ನಿರ್ಣಾಯಕ ಅಂಶ. ಬೂಟೀಕ್ ಇನ್‌ಗಳಲ್ಲಿ ಬೆಂಕಿಗೂಡು ಸಿಕ್ಕೀತು, ಮೈಕ್ರೋವೇವ್ ಕೇಳಿ ತಿಳಿಯಬೇಕು.

ಊಟದ ಮಾತು ಬಂದದ್ದರಿಂದ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ವಿಲೇಜಿನ ಒಳಗಿನ ರೆಸ್ಟೋರೆಂಟುಗಳು ಅಮೆರಿಕನ್ ಅಡುಗೆಯವು. ಮಾಂಸಾಹಾರಿಗಳಿಗೆ ಯಾವ ತೊಂದರೆಯೂ ಇಲ್ಲ. ಸಸ್ಯಾಹಾರಿಗಳಿಗೆ ಸಾಲಡ್, ಪಾಸ್ತಾ, ಚಪ್ಪಟೆ ಬ್ರೆಡ್ಡಿನ ಪಿಜ್ಜಾ, ಹುರಿದ ಆಲೂಗಡ್ಡೆಯಂಥವು ಸಿಗುತ್ತವೆ. ಸೂಪಿನಲ್ಲಿ ಕೋಳಿಯ ಸಾರು ಬೆರೆತಿದೆಯೇ ಎಂದು ಪ್ರತಿ ಬಾರಿಯೂ ಕೇಳಬೇಕು, ಏಕೆಂದರೆ ಮೆನುವಿನಲ್ಲಿ ತರಕಾರಿಯ ಹೆಸರಷ್ಟೇ ಇದ್ದರೂ ತಳದ ಸಾರು ಬೇರೆಯದಾಗಿರುವುದು ಈ ದೇಶದಲ್ಲಿ ಮಾಮೂಲು. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಹಿರಿಯರಿದ್ದರೆ ಒಂದು ಮಧ್ಯಾಹ್ನವನ್ನು ಹೇಗೋ ನಿಭಾಯಿಸಬಹುದು, ಒಂದೂವರೆ ದಿನ ಕಷ್ಟ. ಎಡಿಸನ್ನಿನ ಓಕ್ ಟ್ರೀ ರೋಡಿನಲ್ಲಿ ಚಪಾತಿ ಪಲ್ಯ ಕಟ್ಟಿಸಿಕೊಂಡು ಹೊರಡುವುದು ಆಗ ಜಾಣತನ. ಹಾಗೆ ಕಟ್ಟಿಸಿಕೊಂಡು ಹೋಗುವವರಿಗೆ ಫ್ರಿಜ್ ಇರುವ ಕೋಣೆಯೇ ಬೇಕು ಎಂಬುದು ಬೇರೆ ಹೇಳಬೇಕಾಗಿಲ್ಲ.

ಬಾಡಿಗೆ ಮನೆಯ ಆಯ್ಕೆ ಒಂದೇ ಬಗೆಯ ಪ್ರಯಾಣಿಕರಿಗೆ: ಗುಂಪಿಗೆ. ನ್ಯೂಜೆರ್ಸಿಯ ಬೃಂದಾವನ, ಫಿಲಡೆಲ್ಫಿಯಾ ಭಾಗದ ತ್ರಿವೇಣಿಯಂಥ ಕನ್ನಡ ಕೂಟಗಳಲ್ಲಿ ಪರಿಚಯವಾಗಿ ಬೆಳೆದ ಸ್ನೇಹದಲ್ಲಿ ನಾಲ್ಕೈದು ಕುಟುಂಬಗಳು ಒಟ್ಟಾಗಿ ಹೊರಡುವುದು ನಮ್ಮಲ್ಲಿ ರೂಢಿ. ಇಂಥ ಗುಂಪು ಗೋಲ್ಡನ್ ಪ್ಲೌ ಇನ್‌ನಲ್ಲಿ ಐದು ಕೋಣೆ ತೆಗೆದುಕೊಂಡರೆ ಅವು ಮೂರು ಬೇರೆ ಬೇರೆ ಕಟ್ಟಡಗಳಲ್ಲಿ ಸಿಗುವ ಸಂಭವವೇ ಹೆಚ್ಚು. ರಾತ್ರಿ ಎಲ್ಲರೂ ಸುತ್ತ ಕುಳಿತು ಇಸ್ಪೀಟಾಡಲು, ಅಂತ್ಯಾಕ್ಷರಿ ಹಾಡಲು ಜಾಗವಿರುವುದಿಲ್ಲ. ಒಂದು ಕೋಣೆಯಲ್ಲಿ ಹದಿನಾರು ಜನ ಸೇರಿ ದನಿ ಎತ್ತಿದರೆ ಪಕ್ಕದ ಕೋಣೆಯ ದಂಪತಿಗಳು ಬೆಂಕಿಗೂಡಿನ ಮುಂದೆ ಕುಳಿತು ನಮ್ಮನ್ನು ಶಪಿಸುತ್ತಾರೆ, ಅವರದ್ದು ತಪ್ಪೂ ಅಲ್ಲ. ಬಕ್ಸ್ ಕೌಂಟಿಯ ಹಳ್ಳಿಗಾಡಿನಲ್ಲಿ ಅಡುಗೆಮನೆ, ಅಂಗಳ ಇರುವ ಹಳೆಯ ಫಾರ್ಮ್ ಮನೆಗಳು ಬಾಡಿಗೆಗೆ ಸಿಗುತ್ತವೆ. ತಲಾ ಖರ್ಚೂ ಇನ್ನಿಗಿಂತ ಕಡಿಮೆ ಬೀಳುತ್ತದೆ. ಶುಚಿಗೊಳಿಸುವ ಶುಲ್ಕ, ಕನಿಷ್ಠ ಎರಡು ರಾತ್ರಿಯ ಷರತ್ತು, ಅತಿಥಿಗಳ ಸಂಖ್ಯೆಯ ಮಿತಿ ಇವುಗಳನ್ನು ಓದಿಕೊಂಡೇ ಹಣ ಕಟ್ಟಬೇಕು.

ತಂಗದೇ ಬರುವುದೂ ಒಂದು ಆಯ್ಕೆ

ಒಂದು ಗಂಟೆಯ ದೂರದಲ್ಲಿರುವವರು ಹೋಟೆಲಿನ ಹಣವನ್ನೇ ಉಳಿಸಬಹುದು ಎಂಬ ವಾದವನ್ನು ತಳ್ಳಿಹಾಕಲಾಗದು. ಅಂಗಡಿ ಸುತ್ತುವುದಷ್ಟೇ ಉದ್ದೇಶವಾದರೆ ಐದು ಗಂಟೆ ಸಾಕು, ಅದಕ್ಕಿಂತ ಹೆಚ್ಚು ಹೊತ್ತು ಇದ್ದರೆ ಖರ್ಚಷ್ಟೇ ಬೆಳೆಯುತ್ತದೆ. ಮಂಗಳವಾರ ಬಿಡುವಿರುವವರು ಬೆಳಿಗ್ಗೆ ಬೇಗ ಹೊರಟು, ಹತ್ತಿರದ ಗ್ರೀನ್ ಹಿಲ್ ರಸ್ತೆಯಲ್ಲಿ 1860ರಿಂದ ನಡೆದುಬಂದಿರುವ ರೈಸಸ್ ಮಾರ್ಕೆಟ್ ಎಂಬ ಬಯಲು ಸಂತೆಯನ್ನು ಮೊದಲು ನೋಡಬಹುದು. ಅದು ಮುಂಜಾನೆಯ ವ್ಯಾಪಾರ, ಮಧ್ಯಾಹ್ನದ ಹೊತ್ತಿಗೆ ಅಂಗಡಿ ಕಟ್ಟುತ್ತಾರೆ. ತರಕಾರಿ, ಹಳೆಯ ಪಾತ್ರೆ, ಗಿಡಗಳು, ಬಟ್ಟೆ ಎಲ್ಲ ಒಂದೇ ಬಯಲಿನಲ್ಲಿ ಹರಡಿರುವುದನ್ನು ಕಂಡು ಊರಿನಿಂದ ಬಂದವರು ಚೌಕಾಸಿಗೆ ಇಳಿದುಬಿಡುತ್ತಾರೆ. ಸಂತೆ ಮುಗಿಸಿ ಪೆಡ್ಲರ್ಸ್ ವಿಲೇಜಿಗೆ ಹೋದರೆ, ಅಲ್ಲಿನ ಬೆಲೆಗಳು ಹಾಗೇಕೆ ಇವೆ ಎಂಬ ಚರ್ಚೆಯಲ್ಲೇ ಮಧ್ಯಾಹ್ನ ಕಳೆಯುತ್ತದೆ.

ಆದರೆ ಹಗಲು ಪ್ರವಾಸದ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗುತ್ತದೆ. ಎಪ್ಪತ್ತು ದಾಟಿದವರಿಗೆ ಹೋಗುವ ಒಂದು ಗಂಟೆ, ಬರುವ ಒಂದು ಗಂಟೆ, ನಡುವೆ ಎಲ್ಲಿಯೂ ಮಲಗಲಾಗದ ಆರು ಗಂಟೆ ಸೇರಿದರೆ, ಅದು ಮರುದಿನವನ್ನೂ ನುಂಗಿಬಿಡುವ ದಣಿವು. ನಮ್ಮ ಲೆಕ್ಕದಲ್ಲಿ ಉಳಿಸಿದ ಹೋಟೆಲು ಬಾಡಿಗೆ ಅವರ ಬೆನ್ನುನೋವಿಗೆ ಜಮೆಯಾಗುತ್ತದೆ. ಹಿರಿಯರಿಲ್ಲದ, ಗಟ್ಟಿ ಕಾಲುಗಳ ಕುಟುಂಬಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅವರು ಹಗಲಿಗೇ ಹೋಗಿ ಬರಲಿ, ಉಳಿದ ಹಣದಲ್ಲಿ ನ್ಯೂ ಹೋಪ್‌ನಲ್ಲಿ ಒಂದು ನಾಟಕ ನೋಡಲಿ.

ಕಾಯ್ದಿರಿಸುವ ಮುನ್ನ ಕೊನೆಯದಾಗಿ ಯೋಚಿಸಬೇಕಾದದ್ದು ಮರುದಿನದ ದಾರಿಯನ್ನು. ಎರಡನೆಯ ದಿನ ಜಾರ್ಜ್ ವಾಷಿಂಗ್ಟನ್ 1776ರ ಡಿಸೆಂಬರ್ 25ರ ರಾತ್ರಿ ಸೇನೆಯೊಂದಿಗೆ ಹಿಮಗಡ್ಡೆ ತೇಲುತ್ತಿದ್ದ ಡೆಲವೇರ್ ನದಿಯನ್ನು ದಾಟಿದ ವಾಷಿಂಗ್ಟನ್ ಕ್ರಾಸಿಂಗ್ ನೋಡುವ ಆಸೆಯಿದ್ದರೆ, ನ್ಯೂ ಹೋಪ್‌ನಿಂದ ನದಿಯ ಪಕ್ಕದ ರಸ್ತೆ ಹಿಡಿದು ದಕ್ಷಿಣಕ್ಕೆ ಇಳಿದರೆ ಸಾಕು, ಅಲ್ಲಿಂದ ರಾಬಿನ್ಸ್‌ವಿಲ್‌ನಲ್ಲಿ 2023ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಸ್ವಾಮಿನಾರಾಯಣ ಅಕ್ಷರಧಾಮಕ್ಕೂ ದಾರಿ ಮುಂದುವರಿಯುತ್ತದೆ. ಮಂದಿರದಲ್ಲಿ ಸಸ್ಯಾಹಾರದ ಊಟ ಸಿಗುವುದರಿಂದ ಎರಡನೆಯ ದಿನದ ಮಧ್ಯಾಹ್ನದ ಚಿಂತೆಯೂ ತೀರುತ್ತದೆ. ಈ ಯೋಜನೆಯವರು ನದಿಯ ದಡದಲ್ಲಿ ತಂಗಿದರೆ ಮರುದಿನ ಬೆಳಿಗ್ಗೆ ಹಿಂದೆ ಮುಂದೆ ಓಡಾಡುವುದು ತಪ್ಪುತ್ತದೆ. ಎರಡನೆಯ ದಿನ ಡಾಯ್ಲ್ಸ್‌ಟೌನ್‌ನ ಮ್ಯೂಸಿಯಂಗಳಿಗೆ ಹೋಗುವವರಿಗೆ ಪೆಡ್ಲರ್ಸ್ ವಿಲೇಜ್ ನಡುದಾರಿಯಲ್ಲೇ ಇದೆ. ಫಾಂಟ್‌ಹಿಲ್‌ನ ಪ್ರವಾಸಕ್ಕೆ ಮುಂಗಡ ಸಮಯ ಗೊತ್ತುಪಡಿಸಿಕೊಳ್ಳಬೇಕಾದ್ದರಿಂದ, ಮೊದಲು ಆ ಸಮಯವನ್ನು ಪಡೆದು, ಆಮೇಲೆ ಕೋಣೆಗೆ ಹಣ ಕಟ್ಟುವುದು ಸರಿಯಾದ ಕ್ರಮ.